ದೊಡ್ಡ ಟಿವಿ, ಲ್ಯಾಪ್‌ಟಾಪ್, ಫೋನ್, ರೇಡಿಯೋ: ಮೀಟರ್ ಹಾಕಿ ನೋಡಿದಾಗ

ಅರ್ಧ ಗಂಟೆ ನೆಟ್‌ಫ್ಲಿಕ್ಸ್ ನೋಡಿದರೆ ಕಾರಿನಲ್ಲಿ ಆರು ಕಿಲೋಮೀಟರ್ ಹೋದಷ್ಟು ಇಂಗಾಲ ಗಾಳಿಗೆ ಸೇರುತ್ತದಂತೆ. ಈ ಸುದ್ದಿಯನ್ನು ನೀವೂ ಎಲ್ಲೋ ಓದಿರುತ್ತೀರಿ. ಇದು 2019ರಲ್ಲಿ ಫ್ರಾನ್ಸ್‌ನ ಶಿಫ್ಟ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕೊಟ್ಟ ಲೆಕ್ಕ. ಮರುವರ್ಷ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನು ಬಿಡಿಸಿ ನೋಡಿತು. ಡೇಟಾ ಅಳೆಯುವಾಗ ಬಿಟ್ ಇರಬೇಕಾದ ಕಡೆ ಬೈಟ್ (ಎಂಟು ಬಿಟ್ ಸೇರಿ ಒಂದು ಬೈಟ್) ಸೇರಿಕೊಂಡು ಒಂದು ಅಂಕಿ ಎಂಟು ಪಟ್ಟು ಉಬ್ಬಿತ್ತು, ಇನ್ನೂ ಕೆಲವು ಅಂದಾಜುಗಳು ಹಳೆಯವಾಗಿದ್ದವು. ಸರಿಪಡಿಸಿದ ಮೇಲೆ ಒಂದು ಗಂಟೆಗೆ ಬಂದದ್ದು ಸುಮಾರು 36 ಗ್ರಾಂ. ಮೊದಲಿನ ಲೆಕ್ಕದಲ್ಲಿ ಅದು ಮೂರು ಕಿಲೋಗ್ರಾಂಗೂ ಜಾಸ್ತಿ! ಆದರೆ ಕಾರಿನ ಕಥೆ ಓಡಿದಷ್ಟು ದೂರ ಅದರ ತಿದ್ದುಪಡಿ ಓಡಲಿಲ್ಲ. ಇವತ್ತಿಗೂ ಯಾರೋ ಒಬ್ಬರು ಅದನ್ನೇ ಫಾರ್ವರ್ಡ್ ಮಾಡುತ್ತಿರುತ್ತಾರೆ.

ಆ ತಿದ್ದಿದ ಲೆಕ್ಕದಲ್ಲಿ ನನ್ನ ಗಮನ ಸೆಳೆದದ್ದು ಬೇರೆಯೇ ಒಂದು ವಿಷಯ. ಹೆಚ್ಚಿನ ಕರೆಂಟ್ ಹೋಗುವುದು ಎಲ್ಲೋ ದೂರದ ಡೇಟಾ ಸೆಂಟರಿಗಲ್ಲ, ನಮ್ಮ ಕಣ್ಣೆದುರು ಇರುವ ಪರದೆಗೆ. ಹಾಗಿದ್ದರೆ ಮನೆಯಲ್ಲೇ ಅಳೆಯಬಹುದಲ್ವಾ? ಪ್ಲಗ್‌ಗೆ ಸಿಕ್ಕಿಸುವ ಪುಟ್ಟ ವ್ಯಾಟ್ ಮೀಟರ್ ಒಂದನ್ನು ತಂದೆ. ಸಿನಿಮಾ, ಸರಣಿ, ಸುದ್ದಿ ಎಲ್ಲವನ್ನೂ ಬೇರೆ ಬೇರೆ ಸಾಧನಗಳಲ್ಲಿ ನೋಡುತ್ತಾ ಬಂದೆ.

ಮೊದಲು ಟಿವಿ. ನಮ್ಮದು 50 ಇಂಚಿನ ಎಲ್‌ಇಡಿ. ತಂದ ದಿನದಿಂದ ಚಿತ್ರದ ಸೆಟ್ಟಿಂಗ್ ‘ವಿವಿಡ್’ನಲ್ಲೇ ಇತ್ತು. ಅಂಗಡಿಯ ಝಗಮಗ ಬೆಳಕಿನಲ್ಲಿ ಪಕ್ಕದ ಟಿವಿಗಿಂತ ಚಂದ ಕಾಣಲಿ ಅಂತ ಇರುವ ಸೆಟ್ಟಿಂಗ್ ಅದು, ಮನೆಯೊಳಗೆ ಬೇಕಾಗಿಯೇ ಇಲ್ಲ. ಮೀಟರ್ 130 ವ್ಯಾಟ್ ಆಸುಪಾಸು ತೋರಿಸುತ್ತಿತ್ತು. ‘ಸ್ಟ್ಯಾಂಡರ್ಡ್’ಗೆ ತಂದ ಕೂಡಲೇ ನೂರಕ್ಕಿಂತ ಕೆಳಗಿಳಿಯಿತು. ಪರದೆಯ ಹಿಂದಿನ ದೀಪವನ್ನು, ಅಂದರೆ ಬ್ಯಾಕ್‌ಲೈಟನ್ನು, ಇನ್ನೊಂಚೂರು ತಗ್ಗಿಸಿದಾಗ 70ರ ಹತ್ತಿರ ಬಂತು. ಅಂದರೆ ರಿಮೋಟಿನ ಕೆಲವು ಗುಂಡಿ ಒತ್ತಿದ್ದಕ್ಕೇ ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮನೆಯವರಿಗೆ ಮೊದಲ ಸಂಜೆ ಚಿತ್ರ ಮಂಕು ಅನ್ನಿಸಿತು. ಆಮೇಲೆ ಆ ಮಾತನ್ನೇ ಯಾರೂ ಎತ್ತಲಿಲ್ಲ.

ಸ್ನೇಹಿತರೊಬ್ಬರ ಮನೆಯ ಓಎಲ್‌ಇಡಿ ಟಿವಿಗೂ ಇದೇ ಮೀಟರ್ ಹಾಕಿ ನೋಡಿದೆವು. ಅದು ಇನ್ನೂ ಮಜವಾಗಿತ್ತು. ಓಎಲ್‌ಇಡಿಯಲ್ಲಿ ಹಿಂದಿನಿಂದ ಬೆಳಕು ಬಿಡುವ ದೀಪ ಇರುವುದಿಲ್ಲ. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ಕಪ್ಪು ಬೇಕಾದ ಕಡೆ ಆರಿಬಿಡುತ್ತದೆ. ಕತ್ತಲೆಯಲ್ಲಿ ನಡೆಯುವ ಪತ್ತೇದಾರಿ ಸರಣಿ ಓಡುವಾಗ ಅಂಕಿ ತಣ್ಣಗೆ ಕೆಳಗೇ ಕೂತಿತ್ತು. ನ್ಯೂಸ್ ಚಾನೆಲ್‌ಗೆ ಬದಲಿಸಿದ್ದೇ ತಡ, ಜಿಗಿಯಿತು. ಬಿಳಿ ಹಿನ್ನೆಲೆ, ಕೆಂಪು ಪಟ್ಟಿ, ಮೂಲೆಯಲ್ಲಿ ಮಿನುಗುವ ‘ಬ್ರೇಕಿಂಗ್’. ಹೊಸ ಗ್ರಾಫಿಕ್ಸ್ ಪರದೆ ತುಂಬಿದಾಗಲೆಲ್ಲ ಅಂಕಿ ಮೇಲೇರುತ್ತಿತ್ತು. ನಾವು ಸುದ್ದಿ ಬಿಟ್ಟು ಮೀಟರನ್ನೇ ನೋಡುತ್ತಾ ಕೂತೆವು.

ಲ್ಯಾಪ್‌ಟಾಪ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. 20 ವ್ಯಾಟ್ ಸುತ್ತಮುತ್ತ. ಒಬ್ಬರಿಗೆ ಆರಾಮ, ಇಬ್ಬರಿಗೆ ಇಕ್ಕಟ್ಟು.

ಫೋನ್ ತಿನ್ನುವುದು ಒಂದೆರಡು ವ್ಯಾಟ್ ಅಷ್ಟೇ, ಲೆಕ್ಕಕ್ಕೇ ಸಿಗುವುದಿಲ್ಲ. ಇಂಧನ ಸಂಸ್ಥೆಯ ಹೋಲಿಕೆಯೂ ಹಾಗೇ ಇದೆ: 50 ಇಂಚಿನ ಟಿವಿ ಫೋನಿಗಿಂತ ಸುಮಾರು ನೂರು ಪಟ್ಟು, ಲ್ಯಾಪ್‌ಟಾಪಿಗಿಂತ ಐದು ಪಟ್ಟು ಕರೆಂಟ್ ಎಳೆಯುತ್ತದೆ. ಯುನಿಟ್ ಲೆಕ್ಕದಲ್ಲಿ ಹೇಳುವುದಾದರೆ, ನೂರು ವ್ಯಾಟಿನ ಟಿವಿ ಹತ್ತು ಗಂಟೆಗೆ ಒಂದು ಯುನಿಟ್ ಸುಡುತ್ತದೆ. ಲ್ಯಾಪ್‌ಟಾಪ್ ಅದೇ ಒಂದು ಯುನಿಟ್‌ನಲ್ಲಿ 50 ಗಂಟೆ ಓಡುತ್ತದೆ. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಫೋನ್ ಹಿಡಿದು ಕೂತರೂ ಟಿವಿಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಂತ ಫೋನೇ ಗೆದ್ದಿತು ಅನ್ನಲು ನನಗೆ ಮನಸ್ಸಿಲ್ಲ. ಫೋನಿನ ಭಾರ ಅದು ತಿನ್ನುವ ಕರೆಂಟಿನಲ್ಲಿಲ್ಲ, ಅದನ್ನು ತಯಾರಿಸುವುದರಲ್ಲಿದೆ. ಒಂದು ಫೋನಿನ ಇಡೀ ಬದುಕಿನ ಇಂಗಾಲದಲ್ಲಿ ದೊಡ್ಡ ಪಾಲು ಅದು ನಮ್ಮ ಕೈಗೆ ಬರುವ ಮೊದಲೇ ಮುಗಿದಿರುತ್ತದೆ. ಸಿನಿಮಾ ನೋಡಲು ದೊಡ್ಡ ಪರದೆ ಬೇಕು ಅಂತ ಚೆನ್ನಾಗಿರುವ ಫೋನನ್ನೇ ಬದಲಿಸಿದರೆ, ಟಿವಿ ಆರಿಸಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. 2022ರಲ್ಲಿ ಜಗತ್ತಿನಲ್ಲಿ ಎಲೆಕ್ಟ್ರಾನಿಕ್ ಕಸ ಬಿದ್ದದ್ದು 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಮರುಬಳಕೆಗೆ ಹೋಯಿತು ಅಂತ ದಾಖಲೆ ಇರುವುದು ಕಾಲು ಭಾಗಕ್ಕೂ ಕಡಿಮೆ. ಇನ್ನೊಂದು ಮಾತು, ಎರಡೂವರೆ ಗಂಟೆಯ ಸಿನಿಮಾವನ್ನು ಅಂಗೈಯಗಲದ ಪರದೆಯಲ್ಲಿ ನೋಡುವುದು ಶಿಕ್ಷೆ. ಒಂದು ಯುದ್ಧದ ದೃಶ್ಯದಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತಲೇ ನನಗೆ ತಿಳಿಯಲಿಲ್ಲ.

ಹಳೆಯ ಡಿವಿಡಿಗಳೂ ಕಪಾಟಿನಲ್ಲಿದ್ದವು, ಅವನ್ನೂ ಹಾಕಿ ನೋಡಿದೆ. ಪ್ಲೇಯರ್ ಹೆಚ್ಚೇನೂ ಎಳೆಯುವುದಿಲ್ಲ, ಆದರೆ ಟಿವಿ ಹೇಗಿದ್ದರೂ ಬೇಕೇ ಬೇಕು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 2014ರಲ್ಲಿ ಡಿವಿಡಿಗಿಂತ ಸ್ಟ್ರೀಮಿಂಗ್ ಒಟ್ಟಾರೆ ಹಗುರ ಅಂತ ಹೇಳಿದ್ದರು. ಅದಕ್ಕೆ ಒಂದು ದೊಡ್ಡ ಕಾರಣ ಡಿಸ್ಕ್ ತರಲು ಕಾರಿನಲ್ಲಿ ಅಂಗಡಿಗೆ ಹೋಗಿಬರುವುದು. ಮನೆಯಲ್ಲೇ ಇರುವ ಡಿಸ್ಕ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಇದ್ದರೆ ನೋಡಿ, ಹೊಸದಾಗಿ ಕೊಳ್ಳಬೇಡಿ. ಗೇಮ್ ಕನ್ಸೋಲ್‌ನಲ್ಲಿ ಸಿನಿಮಾ ನೋಡುವುದು ಮಾತ್ರ ಬೇಡವೇ ಬೇಡ. ಸಣ್ಣ ಸ್ಟ್ರೀಮಿಂಗ್ ಸ್ಟಿಕ್ ಮಾಡುವ ಕೆಲಸಕ್ಕೆ ಅದು ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ.

ಇನ್ನು ಸುದ್ದಿ. ನನ್ನ ಪ್ರಕಾರ ನಿಜವಾದ ಪೋಲು ಇರುವುದು ಇಲ್ಲೇ. ಸಿನಿಮಾವನ್ನು ಕೂತು ನೋಡುತ್ತೇವೆ, ಮುಗಿದ ಮೇಲೆ ಆರಿಸುತ್ತೇವೆ. ನ್ಯೂಸ್ ಚಾನೆಲ್ ಹಾಗಲ್ಲ, ಅದು ಸುಮ್ನೆ ಓಡುತ್ತಿರುತ್ತದೆ. ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಫೋನಿನಲ್ಲಿ, ಟಿವಿ ಮಾತ್ರ ಗೋಡೆಯ ಜೊತೆ ಜಗಳ ಆಡುತ್ತಿರುತ್ತದೆ. ಅದೇ ಸುದ್ದಿ, ಅದೇ ನಾಲ್ಕು ಜನರ ಕೂಗಾಟ, ನೂರು ವ್ಯಾಟ್.

ಅದರ ಬದಲು ಪುಟ್ಟ ರೇಡಿಯೋ ಇಟ್ಟೆ. ಒಂದೆರಡು ವ್ಯಾಟ್ ಸಾಕು ಅದಕ್ಕೆ, ಕೈ ಕೆಲಸವನ್ನೂ ಬಿಡಬೇಕಿಲ್ಲ. ವಾರ್ತೆ ಮುಗಿದರೆ ಮುಗಿಯಿತು. ಮುಗಿಯುತ್ತದೆ ಅನ್ನುವುದೇ ಅದರ ದೊಡ್ಡ ಗುಣ. ರೇಡಿಯೋವನ್ನು ಟಿವಿಯ ಮೂಲಕ ಕೇಳುವವರೂ ಇದ್ದಾರೆ. ಬಿಬಿಸಿಯ ಸಂಶೋಧಕರು 2020ರಲ್ಲಿ ಅಳೆದಾಗ, ರೇಡಿಯೋ ಕೇಳುವ ದಾರಿಗಳಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದದ್ದು ಅದೇ. ಫೋನಿನಲ್ಲಿ ಸುದ್ದಿ ಓದುವುದು ಕರೆಂಟಿನ ಮಟ್ಟಿಗೆ ಅಗ್ಗ. ಆದರೆ ಬೆರಳು ನಿಲ್ಲುವುದಿಲ್ಲ. ಹವಾಮಾನ ಸಮ್ಮೇಳನದ ಸುದ್ದಿಯಿಂದ ಶುರುವಾಗಿ ಯಾವುದೋ ನಟನ ಮದುವೆಯ ಫೋಟೋದಲ್ಲಿ ಹೋಗಿ ನಿಲ್ಲುತ್ತದೆ. ನನಗೆ ರೇಡಿಯೋವೇ ಸರಿ.

ಅಳೆಯುವಾಗ ಕೇಳದೆಯೇ ಸಿಕ್ಕ ಉತ್ತರವೂ ಒಂದಿದೆ. ನಮ್ಮ ಸೆಟ್ ಟಾಪ್ ಬಾಕ್ಸ್ ರಿಮೋಟಿನಲ್ಲಿ ಆರಿಸಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಎಳೆಯುತ್ತಿತ್ತು. ಹಸಿರು ದೀಪ ಕೆಂಪಾಗುತ್ತದೆ, ಅಷ್ಟೇ ವ್ಯತ್ಯಾಸ. ಈಗ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ. ವೈಫೈ ರೂಟರ್ ಕೂಡ ಹಾಗೇ. ಅದು ಎಳೆಯುವುದು ಬರೀ 10 ವ್ಯಾಟ್ ಇರಬಹುದು, ಆದರೆ ದಿನವಿಡೀ ಉರಿದರೆ ಟಿವಿಯನ್ನು ಎರಡು ಗಂಟೆಗೂ ಹೆಚ್ಚು ನೋಡಿದ ಲೆಕ್ಕ. ರಾತ್ರಿ ಮಲಗುವಾಗ ಅದನ್ನೂ ಆರಿಸುತ್ತೇನೆ. 4ಕೆ ಬೇಡ, ಸಾಧಾರಣ ಗುಣಮಟ್ಟದಲ್ಲೇ ನೋಡಿ ಅನ್ನುವ ಸಲಹೆಯನ್ನೂ ಪಾಲಿಸಿದೆ. ಮೀಟರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೆಟ್‌ವರ್ಕ್ ಕಡೆಯೂ ಅದರಿಂದ ಆಗುವ ಬದಲಾವಣೆ ತೀರಾ ಸಣ್ಣದು ಅಂತ ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ 2021ರ ವರದಿಯಲ್ಲಿ ಹೇಳಿದೆ. ಅದಕ್ಕೆ ಆ ಸಲಹೆಯನ್ನು ಕೈಬಿಟ್ಟೆ.

ಈಗ ನಮ್ಮ ಮನೆಯಲ್ಲಿ ಸಿನಿಮಾ ಇದ್ದರೆ ಟಿವಿ, ಅದೂ ಎಲ್ಲರೂ ಸೇರಿದಾಗ, ಬೆಳಕು ತಗ್ಗಿಸಿ. ಒಬ್ಬನೇ ನೋಡುವ ಸರಣಿಗೆ ಲ್ಯಾಪ್‌ಟಾಪ್. ಸುದ್ದಿಗೆ ರೇಡಿಯೋ. ಈ ಟಿವಿ ಕೆಟ್ಟ ಮೇಲೆ 43 ಇಂಚಿನದು ಸಾಕು ಅಂತ ನಾನು, 65 ಬೇಕು ಅಂತ ಮಕ್ಕಳು. ಸದ್ಯಕ್ಕೆ ಅದು ಚೆನ್ನಾಗಿಯೇ ಓಡುತ್ತಿದೆ, ಆ ಜಗಳಕ್ಕೆ ಇನ್ನೂ ಟೈಮಿದೆ.