‘ಪುರಾವೆ ಸಿಕ್ಕಿಲ್ಲ’ ಎಂಬ ಪ್ರಕಟಣೆಯನ್ನು ನಂಬಿ ಕೂರಬೇಡಿ

ನಮ್ಮ ಸಂಸ್ಥೆಯ ಕಡತಗಳನ್ನು ಇರಿಸಿದ್ದ ಕ್ಲೌಡ್ ಸೇವೆಯೊಂದಕ್ಕೆ ಕಳೆದ ವರ್ಷ ಹ್ಯಾಕರ್‌ಗಳು ನುಗ್ಗಿದರು. ಗ್ರಾಹಕರ ಸುರಕ್ಷತೆಯೇ ತಮ್ಮ ಮೊದಲ ಆದ್ಯತೆಯೆಂದೂ, ದತ್ತಾಂಶ ಸೋರಿಕೆಯಾದ ಬಗ್ಗೆ ಈವರೆಗೆ ಯಾವುದೇ ಪುರಾವೆ ಸಿಕ್ಕಿಲ್ಲವೆಂದೂ ಆ ಕಂಪನಿಯ ಸಿಇಒ ಕೂಡಲೇ ಪ್ರಕಟಣೆ ಹೊರಡಿಸಿದರು. ಪಾಸ್‌ವರ್ಡ್ ಮತ್ತು ಎಪಿಐ ಕೀಲಿಗಳನ್ನು (ತಂತ್ರಾಂಶಗಳು ಆ ಸೇವೆಯೊಳಗೆ ಪ್ರವೇಶಿಸಲು ಬಳಸುವ ಗುಪ್ತ ಸಂಕೇತಗಳು) ಅಂದೇ ಬದಲಿಸಬೇಕೆಂದು ತಾಂತ್ರಿಕ ವಿಭಾಗದ ನಾವು ಪಟ್ಟು ಹಿಡಿದರೂ, ಸಿಇಒ ಅವರೇ ಹೇಳಿದ್ದಾರಲ್ಲ ಎಂದು ನಮ್ಮ ಆಡಳಿತ ಮಂಡಳಿ ಅದನ್ನು ಮುಂದೂಡಿತು. ಕೆಲವು ವಾರಗಳ ಬಳಿಕ ಬಂದ ಎರಡನೆಯ ಪ್ರಕಟಣೆ, ಗ್ರಾಹಕರ ಕೀಲಿಗಳಿದ್ದ ಬ್ಯಾಕಪ್ ಪ್ರತಿಗಳು ಕಳುವಾಗಿದ್ದನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ನಮ್ಮ ಕೀಲಿಯನ್ನೇ ಬಳಸಿ ಯಾರೋ ಕಡತಗಳನ್ನು ಇಳಿಸಿಕೊಂಡಿದ್ದರು.

ಎಷ್ಟು ಕಾಲದಿಂದ ಹೀಗೆ ನಡೆದಿತ್ತೆಂದು ತಿಳಿಯಲು ಹಳೆಯ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಬಂದು ಏನು ಮಾಡಿದರೆಂಬ ದಾಖಲೆಗಳನ್ನು, ಕೇಳಿದೆವು. ನಮ್ಮ ದರ್ಜೆಯ ಚಂದಾದಾರರ ಲಾಗ್‌ಗಳನ್ನು ಕೆಲವೇ ದಿನ ಇಟ್ಟು ಅಳಿಸಲಾಗುತ್ತದೆ ಎಂಬ ಉತ್ತರ ಬಂತು. ಲಾಗನ್ನೇ ಉಳಿಸಿಕೊಳ್ಳದವರಿಗೆ ಪುರಾವೆ ಸಿಗುವುದಾದರೂ ಹೇಗೆ? ಮೊದಲ ಪ್ರಕಟಣೆಯ ಒಂದು ವಾಕ್ಯವನ್ನೂ ಸುಳ್ಳೆಂದು ಸಾಧಿಸಲಾಗದು. ವಕೀಲರು ತಿದ್ದಿಕೊಟ್ಟ ಬರಹದಲ್ಲಿ ಹಾಗೆ ಸಾಧಿಸಬಹುದಾದ ವಾಕ್ಯ ಇರುವುದೂ ಅಪರೂಪ.

ಮೊದಲು ಕಡಿಮೆ ಹೇಳಿ ಆಮೇಲೆ ಒಪ್ಪಿಕೊಳ್ಳುವ ಈ ಚಾಳಿ ಹಳೆಯದು. 2013ರಲ್ಲಿ ನಡೆದ ಕಳವಿನಲ್ಲಿ 100 ಕೋಟಿ ಖಾತೆಗಳ ಮಾಹಿತಿ ಹೋಗಿದೆ ಎಂದು 2016ರ ಡಿಸೆಂಬರ್‌ನಲ್ಲಿ ತಿಳಿಸಿದ್ದ ಯಾಹೂ, 2017ರ ಅಕ್ಟೋಬರ್ ಹೊತ್ತಿಗೆ ಆ ಸಂಖ್ಯೆಯನ್ನು 300 ಕೋಟಿಗೆ, ಅಂದರೆ ತನ್ನ ಎಲ್ಲ ಖಾತೆಗಳಿಗೂ, ವಿಸ್ತರಿಸಿತು. ಶೇ 1ಕ್ಕಿಂತ ಕಡಿಮೆ ಗ್ರಾಹಕರಿಗಷ್ಟೇ ತೊಂದರೆ ಎಂದಿದ್ದ, ಸಂಸ್ಥೆಗಳಿಗೆ ಲಾಗಿನ್ ಸೇವೆ ಒದಗಿಸುವ ಆಕ್ಟಾ, 2023ರ ನವೆಂಬರ್ ಕೊನೆಯಲ್ಲಿ ತನ್ನ ಗ್ರಾಹಕ ಬೆಂಬಲ ವ್ಯವಸ್ಥೆಯ ಬಹುತೇಕ ಎಲ್ಲ ಬಳಕೆದಾರರ ಹೆಸರು, ಇಮೇಲ್ ವಿಳಾಸಗಳೂ ಹೋಗಿವೆ ಎಂದಿತು. ಹೊಣೆಯನ್ನು ಕೆಳಗಿನವರ ತಲೆಗೆ ಕಟ್ಟುವುದೂ ಉಂಟು. ‘ಸೋಲಾರ್‌ವಿಂಡ್ಸ್123’ ಎಂಬ ಪಾಸ್‌ವರ್ಡ್ ಬಹಿರಂಗವಾದದ್ದಕ್ಕೆ ಒಬ್ಬ ಇಂಟರ್ನ್ ಕಾರಣವೆಂದು ಸಾಫ್ಟ್‌ವೇರ್ ಕಂಪನಿ ಸೋಲಾರ್‌ವಿಂಡ್ಸ್‌ನ ಮಾಜಿ ಸಿಇಒ ಕೆವಿನ್ ಥಾಂಪ್ಸನ್ 2021ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸದರೆದುರು ಹೇಳಿದರು. ಇಂಟರ್ನ್ ಒಬ್ಬರ ತಪ್ಪನ್ನು ತಡೆಯುವ ಏರ್ಪಾಡು ಇಲ್ಲದಿದ್ದುದು ಯಾರ ತಪ್ಪು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನೀವು ಬಳಸುವ ಸೇವೆಯಿಂದ ಇಂಥ ಪ್ರಕಟಣೆ ಬಂದರೆ, ಅದರಲ್ಲಿನ ‘ಈವರೆಗೆ’, ‘ಸದ್ಯಕ್ಕೆ’, ‘ಸೀಮಿತ’ ಎಂಬ ಪದಗಳನ್ನು ಗುರುತುಹಾಕಿಕೊಳ್ಳಿ. ಆದರೆ ಕೀಲಿಗಳನ್ನು ಬದಲಿಸಿದ ಮೇಲೆಯೇ ಆ ಕೆಲಸಕ್ಕೆ ಕೂರಿ. ಯಾವ ದಿನದಿಂದೀಚೆಗಿನ ಲಾಗ್‌ಗಳು ಉಳಿದಿವೆ, ಬ್ಯಾಕಪ್‌ಗಳನ್ನೂ ತನಿಖೆ ಮಾಡಲಾಗಿದೆಯೇ, ಹೊರಗಿನವರು ಪರಿಶೀಲಿಸಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ದತ್ತಾಂಶ ಹೋಗಿದೆಯೆಂದೇ ಎಣಿಸಿ, ಎರಡನೆಯ ಪ್ರಕಟಣೆಗೆ ಕಾಯದೆ ನಿಮ್ಮ ಗ್ರಾಹಕರಿಗೆ ತಿಳಿಸಿ.