ಹಿರಿಯರಿಗೆ ಫೋನ್ ಕೊಡಿಸುವಾಗ ಇಂಚಿನ ಲೆಕ್ಕವನ್ನು ನಂಬಬೇಡಿ

ಮನೆಯ ಹಿರಿಯರಿಗೆ ಹೊಸ ಮೊಬೈಲ್ ಕೊಡಿಸಲು ಹೊರಟಿರುವವರು ಅಂಗಡಿಗೆ ಹೋಗುವ ಮುನ್ನ ಇದನ್ನೊಮ್ಮೆ ಓದಿ. "ಪರದೆ ದೊಡ್ಡದಿದ್ದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ" ಎಂದು ಹೇಳಿ ನಮ್ಮ ಅಮ್ಮನಿಗೆ 24,000 ರೂಪಾಯಿಯ ಫೋನ್ ಮಾರಿದರು. ಅಕ್ಷರವೇನೂ ದೊಡ್ಡದಾಗಲಿಲ್ಲ. ಅಮ್ಮನ ಬಲಗೈ ಮಣಿಕಟ್ಟು ಊದಿಕೊಂಡಿತು. ಆಮೇಲೆ ಪರದೆ ಒಡೆದು, ಅದನ್ನು ಬದಲಾಯಿಸಲು ಮತ್ತೆ ಒಂಬತ್ತು ಸಾವಿರಕ್ಕೂ ಹೆಚ್ಚು ತೆರಬೇಕಾಯಿತು.

ಅಮ್ಮ ನಿವೃತ್ತ ಶಿಕ್ಷಕಿ, ಇರುವುದು ದಾವಣಗೆರೆಯಲ್ಲಿ. ಬೆಳಗಿನ ಕಾಫಿಯ ಜೊತೆಗೆ ಮೊಬೈಲಿನಲ್ಲೇ ಇ-ಪೇಪರ್ ಓದುತ್ತಾಳೆ. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಉದ್ದುದ್ದ ಬರೆಯುತ್ತಾಳೆ, ಸಂಜೆ ಮೊಮ್ಮಗಳೊಂದಿಗೆ ವಿಡಿಯೋ ಕರೆ. ಅವಳ ಹಳೆಯ ಫೋನಿನ ಪರದೆ 5.5 ಇಂಚಿನದು. ಬ್ಯಾಟರಿ ಸೋತುಹೋಗಿತ್ತು, ಬ್ಯಾಂಕಿನ ಆ್ಯಪ್ ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ತಮ್ಮ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದ. ಅಮ್ಮ ಕೇಳಿದ್ದು ಒಂದೇ ಒಂದು: "ಒತ್ತಕ್ಷರ ಸ್ಪಷ್ಟವಾಗಿ ಕಾಣಬೇಕಪ್ಪಾ, ನನಗೆ ಬೇರೇನೂ ಬೇಡ."

ಕನ್ನಡ ಓದುವ ವಯಸ್ಸಾದವರಿಗೆ ಅದು ನಿಜವಾದ ತೊಂದರೆ. ಮೂಲ ಅಕ್ಷರವೇ ಚಿಕ್ಕದಾಗಿರುವಾಗ ಅದರ ಕೆಳಗಿನ ಒತ್ತು ಇನ್ನೂ ಚಿಕ್ಕದು. 'ತ್ತ'ವೋ 'ತ್ರ'ವೋ ತಿಳಿಯದೆ ಮಾತ್ರೆಯ ಹೆಸರನ್ನೇ ತಪ್ಪಾಗಿ ಓದುವ ಸಂದರ್ಭ ಬರುತ್ತದೆ. ಅಂಗಡಿಯವನಿಗೆ ಅವಳ ಕೋರಿಕೆ ಅರ್ಥವಾಗಿತ್ತು. "ನಿಮ್ಮದು ಐದೂವರೆ ಇಂಚು ಅಮ್ಮಾ, ಇದು ಆರು ಪಾಯಿಂಟ್ ಏಳು. ಅಕ್ಷರ ದೊಡ್ಡದಾಗಿ ಕಾಣುತ್ತದೆ, ಕಣ್ಣಿಗೆ ಹಾಯಾಗಿರುತ್ತದೆ" ಎಂದು ಡಬ್ಬಿ ಒಡೆದ. ಒಡೆದ ಡಬ್ಬಿಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ಮುದ್ರಿಸಿದ್ದರೇ ಹೊರತು ಬಾಯಿಬಿಟ್ಟು ಹೇಳಲಿಲ್ಲ.

ನಾನು ಊರಿಗೆ ಹೋದಾಗ ಅಮ್ಮ ಹಳೆಯ ಫೋನನ್ನೂ ಹೊಸದನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಸಂದೇಶ ತೆರೆದು ತೋರಿಸಿದಳು. ಅಕ್ಷರಗಳ ಗಾತ್ರ ಒಂದೇ. "ಕೆಳಗೆ ಇನ್ನೊಂದಷ್ಟು ಸಾಲು ಕಾಣುತ್ತವೆ, ಅಷ್ಟೇ ವ್ಯತ್ಯಾಸ" ಎಂದಳು. ಸ್ಕೇಲ್ ಹಿಡಿದು ಅಳೆದೆ. ಅವಳು ಹೇಳಿದ್ದು ಅಕ್ಷರಶಃ ಸರಿ.

ಇಂಚು ಎಂದು ಅಂಗಡಿಯಲ್ಲಿ ಹೇಳುವುದು ಪರದೆಯ ಒಂದು ಮೂಲೆಯಿಂದ ಎದುರಿನ ಮೂಲೆಗೆ ಇರುವ ಉದ್ದ, ಅಂದರೆ ಶಾಲೆಯಲ್ಲಿ ಕಲಿತ ಕರ್ಣ. ಅದರಿಂದ ಅಗಲ ತಿಳಿಯುವುದಿಲ್ಲ. ಹಳೆಯ ಫೋನುಗಳ ಪರದೆಯ ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತ 16:9; ಈಗಿನವು ಹೆಚ್ಚಾಗಿ 20:9, ಅಂದರೆ ಉದ್ದಕ್ಕೆ ಎಳೆದಂತಿರುವವು. ಲೆಕ್ಕ ಹಾಕಿದರೆ 16:9ರ 5.5 ಇಂಚಿನ ಪರದೆಯ ಅಗಲ ಸುಮಾರು 6.8 ಸೆಂಟಿಮೀಟರ್, ಉದ್ದ 12.2. 20:9ರ 6.7 ಇಂಚಿನ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್, ಉದ್ದ 15.5. ಒಂದು ಇಂಚಿಗೂ ಹೆಚ್ಚು ದೊಡ್ಡದು ಎಂದು ಮಾರಿದ ಫೋನಿನಲ್ಲಿ ಅಗಲಕ್ಕೆ ಸಿಕ್ಕಿದ್ದು ಒಂದೆರಡು ಮಿಲಿಮೀಟರ್ ಮಾತ್ರ. ಹೆಚ್ಚಾದ ಜಾಗವೆಲ್ಲ ತಲೆಯ ಕಡೆಗೆ ಹೋಗಿದೆ. ಇನ್ನೂ ವಿಚಿತ್ರವೆಂದರೆ, 19.5:9ರ 6.1 ಇಂಚಿನ ಪರದೆಯ ಅಗಲ 6.5 ಸೆಂಟಿಮೀಟರ್. ಹಳೆಯ ಐದೂವರೆ ಇಂಚಿನದಕ್ಕಿಂತ ಅದು ಕಿರಿದು! 2011ರಲ್ಲಿ ಬಂದ ಸ್ಯಾಮ್‌ಸಂಗ್‌ನ ಮೊದಲ ಗ್ಯಾಲಕ್ಸಿ ನೋಟ್ ಫೋನನ್ನು ಜನ ತಟ್ಟೆಯಷ್ಟಿದೆ ಎಂದು ಬೆರಗಾಗಿ ನೋಡುತ್ತಿದ್ದರು. ಅದು 5.3 ಇಂಚು, ಆದರೆ 16:10 ಅನುಪಾತದ್ದಾದ್ದರಿಂದ ಪರದೆಯ ಅಗಲ 7.1 ಸೆಂಟಿಮೀಟರ್ ಇತ್ತು. ಇಂದಿನ 6.7 ಇಂಚಿನ ಎಷ್ಟೋ ಫೋನುಗಳಿಗೆ ಆ ಅಗಲವಿಲ್ಲ.

ಇ-ಪೇಪರ್ ಓದುವವರಿಗೆ ಬೇಕಾದದ್ದು ಅಗಲ. ಪತ್ರಿಕೆಯ ಪುಟ ಪರದೆಯ ಅಗಲಕ್ಕೆ ಹೊಂದಿಕೊಂಡು ಕೂರುತ್ತದೆ. ಉದ್ದ ಎಷ್ಟಿದ್ದರೂ ಮೇಲೆ ಕೆಳಗೆ ಖಾಲಿ ಪಟ್ಟಿ ಉಳಿಯುತ್ತದೆ. ಇನ್ನು ವಾಟ್ಸಾಪಿನಂಥ ಕಡೆ ಅಕ್ಷರದ ಗಾತ್ರವನ್ನು ನಿರ್ಧರಿಸುವುದು ಸೆಟ್ಟಿಂಗ್ಸ್. ಡಿಸ್‌ಪ್ಲೇ ವಿಭಾಗಕ್ಕೆ ಹೋದರೆ ಅಕ್ಷರದ ಗಾತ್ರ, ಪರದೆಯಲ್ಲಿನ ಎಲ್ಲದರ ಗಾತ್ರ ಎಂದು ಎರಡು ಪಟ್ಟಿಗಳಿರುತ್ತವೆ. ಬೆರಳಿನಿಂದ ಬಲಕ್ಕೆ ಜರುಗಿಸಿದರೆ ಆಯಿತು. ಹಳೆಯ ಫೋನಿನಲ್ಲೂ ಅದು ಇತ್ತು. ಕಾಸು ಖರ್ಚಿಲ್ಲದ ಈ ಕೆಲಸವನ್ನು ಮಾರುವವರು ಮೊದಲು ತೋರಿಸಬೇಕಿತ್ತು. ಕಣ್ಣು ಮಂಜಾದ ಹಿರಿಯರ ಆಸೆಯನ್ನೇ ಹಿಡಿದುಕೊಂಡು ವ್ಯಾಪಾರ ಕುದುರಿಸುವುದನ್ನು ನಾನು ಕ್ಷಮಿಸಲಾರೆ.

ಹಣದ ವಿಷಯ ಹಾಗಿರಲಿ, ಕೈಯ ಕಥೆ ಕೇಳಿ. ಹೊಸ ಫೋನನ್ನು ಕವರ್ ಸಮೇತ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟಾಗ 246 ಗ್ರಾಂ ತೋರಿಸಿತು. ತೂಕಕ್ಕಿಂತ ಆ ತೂಕ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಉದ್ದದ ಫೋನನ್ನು ಒಂದೇ ಕೈಯಲ್ಲಿ ಹಿಡಿದು ಟೈಪ್ ಮಾಡಬೇಕಾದರೆ ಕೆಳಭಾಗವನ್ನು ಹಿಡಿಯಬೇಕು. ಆಗ ಮೇಲ್ಭಾಗ ಹಿಂದಕ್ಕೆ ವಾಲುತ್ತದೆ. ಅದನ್ನು ತಡೆಯಲು ಅಮ್ಮ ಕಿರುಬೆರಳನ್ನು ಫೋನಿನ ಬುಡಕ್ಕೆ ಆನಿಸುತ್ತಿದ್ದಳು, ಹಿಂದಕ್ಕೆ ಹೋಗಲು ಹೆಬ್ಬೆರಳನ್ನು ಮೇಲಿನ ಎಡಮೂಲೆಯ ತುದಿಯಲ್ಲಿರುವ ಬಾಣದ ಗುರುತಿನವರೆಗೆ ಚಾಚುತ್ತಿದ್ದಳು. ಪ್ರತಿ ಸಂದೇಶಕ್ಕೂ ಅದೇ ಚಾಚು. ಕಿರುಬೆರಳಿನ ಪಕ್ಕದಲ್ಲಿ ಫೋನಿನ ಅಂಚು ಒತ್ತಿದ ಗುರುತು ಕೆಂಪಗೆ ಉಳಿದುಬಿಟ್ಟಿತ್ತು.

ಮೊದಲು ಹೆಬ್ಬೆರಳಿನ ಬುಡದಲ್ಲಿ ಸೆಳೆತ ಶುರುವಾಯಿತು, ಆಮೇಲೆ ಹಾಲಿನ ಪಾತ್ರೆ ಎತ್ತಲೂ ಆಗದಷ್ಟು ನೋವು. ಮೂಳೆ ವೈದ್ಯರು ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಕಟ್ಟಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ಅಮ್ಮ ಚೀರಿದಳು. ಡಿ ಕ್ವೆರ್ವೈನ್ ಎಂದು ಇದಕ್ಕೆ ಹೆಸರು. ಹೆಬ್ಬೆರಳನ್ನು ಎಳೆಯುವ ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಒಂದು ಕಿರಿದಾದ ಕವಚದೊಳಗೆ ಹಾದುಹೋಗುತ್ತವೆ. ಆ ಕವಚ ದಪ್ಪವಾದಾಗ ಬೆರಳು ಅಲುಗಿದರೂ ಉಜ್ಜಿ ನೋಯುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ, ಎಳೆಗೂಸು ಎತ್ತಿಕೊಳ್ಳುವ ತಾಯಂದಿರಲ್ಲಿ ಇದು ಹೆಚ್ಚು. ಫೋನೊಂದೇ ಕಾರಣ ಎಂದು ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬಟ್ಟೆ ಹಿಂಡುವುದು, ಹಿಟ್ಟು ನಾದುವುದು ಇವೂ ಸೇರಿರಬಹುದು. ಆದರೆ "ಈ ಫೋನನ್ನು ಒಂದು ಕೈಯಲ್ಲಿ ಹಿಡಿಯುವುದನ್ನು ಇವತ್ತೇ ನಿಲ್ಲಿಸಿ" ಎಂದದ್ದು ಅವರೇ. ಹೆಬ್ಬೆರಳು ಅಲುಗದಂತೆ ಪಟ್ಟಿ ಕಟ್ಟಿ ಕಳುಹಿಸಿದರು.

ಪಟ್ಟಿ ಕಟ್ಟಿದ ಕೈಯಿಂದಲೇ ಫೋನ್ ಜಾರಿ ಹಿತ್ತಲ ಬಾಗಿಲಿನ ಕಲ್ಲಿನ ಮೇಲೆ ಬಿದ್ದಿತು. ಆ ಮಾದರಿಯ ಗಾಜು ಎರಡೂ ಅಂಚಿನಲ್ಲಿ ಬಾಗಿರುವಂಥದ್ದು. ನೋಡಲು ಅಂದ, ಹಿಡಿಯಲು ಕಷ್ಟ. ಅಂಗೈಯ ಮಾಂಸ ಅಂಚಿಗೆ ತಾಗಿ ತನ್ನಷ್ಟಕ್ಕೆ ಏನೋ ಒತ್ತಿಹೋಗುವ ಕಾಟ ಬೇರೆ. ಗಾಜು ಒಡೆದರೆ ಗಾಜನ್ನಷ್ಟೇ ಬದಲಿಸಿಕೊಡುವುದಿಲ್ಲ; ಗಾಜು, ಸ್ಪರ್ಶದ ಪದರ, ಚಿತ್ರ ಮೂಡಿಸುವ ಅಮೊಲೆಡ್ ಪರದೆ ಎಲ್ಲವೂ ಒಂದಕ್ಕೊಂದು ಅಂಟಿಸಿದ ಒಂದೇ ಬಿಡಿಭಾಗ. ಹಿರಿಯರಿಗೆ ಕೊಳ್ಳುವುದಾದರೆ ಬಾಗಿದ ಅಂಚಿನ ಫೋನ್ ಖಂಡಿತ ಬೇಡ, ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಅಂಗಡಿಯಲ್ಲಿ ಇದೆಲ್ಲ ಏಕೆ ತಿಳಿಯಲಿಲ್ಲ ಎಂದು ಕೇಳಬಹುದು. ಅಮ್ಮನ ಕೈಗೆ ಮೊದಲು ಕೊಟ್ಟದ್ದು ಡಮ್ಮಿ, ಒಳಗೆ ಏನೂ ಇಲ್ಲದ ಹಗುರ ಮಾದರಿ. ಚಾಲೂ ಇದ್ದ ಫೋನು ತಂತಿ ಕಟ್ಟಿಕೊಂಡು ಸ್ಟ್ಯಾಂಡಿನ ಮೇಲೆ ಕೂತಿತ್ತು. ಡಮ್ಮಿಯನ್ನು ಹಿಡಿದು ತೀರ್ಮಾನ ಮಾಡಬೇಡಿ. ಚಾಲೂ ಇರುವ ಪೀಸನ್ನೇ ಕೇಳಿ, ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಬಳಸುವವರೇ ಒಂದು ಕೈಯಲ್ಲಿ ಹಿಡಿದು ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಲಿ, ಹೆಬ್ಬೆರಳು ಮೇಲಿನ ಮೂಲೆ ಮುಟ್ಟುತ್ತದೆಯೇ ನೋಡಲಿ. ಅಕ್ಷರವನ್ನು ತಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಂಡೇ ಓದಲಿ. ಕನ್ನಡದ ಉದ್ದ ಪದಗಳು ಕಿರಿದಾದ ಪರದೆಯಲ್ಲಿ ನಡುವೆಯೇ ತುಂಡಾಗಿ ಕೆಳಗಿನ ಸಾಲಿಗೆ ಬೀಳುತ್ತವೆ; ಅದು ಕಿರಿಕಿರಿ ಎನಿಸಿದರೆ ಆ ಫೋನ್ ಅವರಿಗೆ ತಕ್ಕದ್ದಲ್ಲ.

ಹಾಗೆಂದು ಚಿಕ್ಕದೇ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಚಿಕ್ಕ ಫೋನಿನಲ್ಲಿ ಬ್ಯಾಟರಿಗೆ ಜಾಗ ಕಡಿಮೆ. ಆ್ಯಪಲ್ 2020ರಲ್ಲಿ 5.4 ಇಂಚಿನ ಐಫೋನ್ ಮಿನಿ ತಂದಿತು, 2021ರ ಐಫೋನ್ 13 ಮಿನಿಯ ನಂತರ ಆ ಸಾಲನ್ನು ನಿಲ್ಲಿಸಿತು. ಇಂದು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಚಾರ್ಜರ್ ಜೊತೆಗೇ ಓಡಾಡಬೇಕು. ಆರೂಕಾಲು ಇಂಚಿನ ಆಸುಪಾಸಿನ ಒಳ್ಳೆಯ ಫೋನುಗಳಿವೆ. ಗ್ಯಾಲಕ್ಸಿ ಎಸ್24ರ ಪರದೆ 6.2 ಇಂಚು, ತೂಕ 167 ಗ್ರಾಂ. ಆದರೆ ಅವು ದುಬಾರಿ ವರ್ಗದವು. ಇಪ್ಪತ್ತು ಸಾವಿರದ ಒಳಗೆ ನೋಡುವವರಿಗೆ ಸಿಗುವುದು ಬಹುತೇಕ ಆರೂವರೆಯ ಮೇಲಿನವೇ. ಅವುಗಳಲ್ಲೇ ತೂಕ ಕಡಿಮೆ ಇರುವುದನ್ನು, ಅಂಚು ಚಪ್ಪಟೆ ಇರುವುದನ್ನು ಆರಿಸಿ. ಎರಡೂ ಕೈಯಲ್ಲಿ ಹಿಡಿದು ಸಿನಿಮಾ ನೋಡುವವರಿಗೆ, ಗಾಡಿಯಲ್ಲಿ ಸಿಕ್ಕಿಸಿಕೊಂಡು ನಕ್ಷೆ ನೋಡುವ ಚಾಲಕರಿಗೆ ದೊಡ್ಡ ಪರದೆ ನಿಜಕ್ಕೂ ಉಪಯೋಗ.

ಪತ್ರಿಕೆ ಓದುವುದೇ ಮುಖ್ಯವಾಗಿದ್ದರೆ ಫೋನಿನಲ್ಲಿ ಪರಿಹಾರ ಹುಡುಕಬೇಡಿ. 8.7 ಇಂಚಿನ ಅಗ್ಗದ ಟ್ಯಾಬ್ಲೆಟ್ಟಿನ ಪರದೆ ಸುಮಾರು 11 ಸೆಂಟಿಮೀಟರ್ ಅಗಲವಿರುತ್ತದೆ. ಮೇಜಿನ ಮೇಲೆ ಆನಿಸಿಟ್ಟರೆ ಕೈಗೆ ಭಾರವೇ ಇಲ್ಲ. ಅಮ್ಮ ಈಗ ಓದುವುದು ಹಾಗೆಯೇ.

ಈಗಾಗಲೇ ದೊಡ್ಡ ಫೋನ್ ಮನೆಗೆ ಬಂದಿದ್ದರೆ ಕೈಯ ಕಷ್ಟವನ್ನು ಸ್ವಲ್ಪ ಹಗುರ ಮಾಡಿಕೊಳ್ಳಬಹುದು. ಆಂಡ್ರಾಯ್ಡ್‌ನಲ್ಲಿ ಗುಂಡಿಗಳ ಬದಲು ಸನ್ನೆಯ ವ್ಯವಸ್ಥೆ ಆರಿಸಿಕೊಂಡರೆ ಎಡ, ಬಲ ಯಾವ ಅಂಚಿನಿಂದ ಒಳಗೆ ಎಳೆದರೂ ಹಿಂದಕ್ಕೆ ಹೋಗುತ್ತದೆ, ಮೇಲಿನ ಬಾಣದ ಗುರುತಿಗೆ ಚಾಚುವ ಕೆಲಸವೇ ಇಲ್ಲ. ಒಂದು ಕೈ ಬಳಕೆಯ ಸೌಲಭ್ಯ ಅನೇಕ ಫೋನುಗಳಲ್ಲಿದೆ. ಚಾಲೂ ಮಾಡಿದರೆ ಪರದೆಯ ಮೇಲರ್ಧ ಕೆಳಗೆ ಇಳಿದು ಬರುತ್ತದೆ, ಇಲ್ಲವೇ ಇಡೀ ಚಿತ್ರ ಚಿಕ್ಕದಾಗಿ ಕೆಳಗಿನ ಮೂಲೆಗೆ ಸರಿಯುತ್ತದೆ. ಗೂಗಲ್‌ನ ಜಿಬೋರ್ಡ್ ಕೀಲಿಮಣೆಯನ್ನು ಬಲಕ್ಕೋ ಎಡಕ್ಕೋ ಒತ್ತರಿಸಬಹುದು. ಬರೆಯುವ ಬದಲು ಮೈಕ್ ಒತ್ತಿ ಕನ್ನಡದಲ್ಲಿ ಮಾತನಾಡಿದರೂ ಸಂದೇಶ ಸಿದ್ಧವಾಗುತ್ತದೆ.

ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು. ಫೋನಿನ ಅಗಲ ಎಷ್ಟು ಎಂದು ಅಂಗಡಿಯಲ್ಲಿ ಕೇಳಿದರೆ ಉತ್ತರ ಬರುವುದು ಅನುಮಾನ. ತಯಾರಕರ ಜಾಲತಾಣದ ವಿವರಪಟ್ಟಿಯಲ್ಲಿ ಅಗಲವೂ ತೂಕವೂ ಇರುತ್ತವೆ. ಮನೆಯಲ್ಲೇ ಅದನ್ನು ನೋಡಿ, ಈಗ ಬಳಸುತ್ತಿರುವ ಫೋನಿನ ಅಳತೆಯ ಪಕ್ಕದಲ್ಲಿ ಚೀಟಿಯ ಮೇಲೆ ಬರೆದುಕೊಂಡು ಹೋಗಿ.