ಚಾರಣಕ್ಕೆ ಮುಂಚೆ ಹಿಮ ನೋಡಲು ಕೊಪರ್ನಿಕಸ್ ಬ್ರೌಸರ್: ಮೊದಲ ಪಾಠ ಕೆಆರ್‌ಎಸ್‌ ಹಿನ್ನೀರಿನ ಮೇಲೆ

ಮೈಸೂರಿನಿಂದ ಕಾಶ್ಮೀರದ ಸರೋವರಗಳ ಚಾರಣಕ್ಕೆ ಹೋಗುವವರು ಟಿಕೆಟ್ ಮಾಡಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಸೋನಮಾರ್ಗದಿಂದ ವಿಷನ್‌ಸರ್, ಗಡ್‌ಸರ್, ಗಂಗಬಲ್ ದಾಟಿ ನಾರಾನಾಗ್‌ಗೆ ಇಳಿಯುವ ದಾರಿಗೆ ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ಸರಿಯಾದ ಕಾಲ. ಆದರೆ ಜುಲೈ ಮೊದಲ ವಾರವೋ, ಮೂರನೆಯ ವಾರವೋ? ಸುಮಾರು 4,200 ಮೀಟರ್ ಎತ್ತರದ ಗಡ್‌ಸರ್ ಪಾಸ್‌ನಲ್ಲಿ (ಬೆಟ್ಟ ದಾಟುವ ಕಣಿವೆದಾರಿಯಲ್ಲಿ) ಹಿಮ ಎಷ್ಟಿದೆ ಎಂಬುದರ ಮೇಲೆ ಇದು ನಿಂತಿದೆ. ಹವಾಮಾನ ಮುನ್ಸೂಚನೆ ಬೀಳಲಿರುವ ಮಳೆಯನ್ನು ಹೇಳುತ್ತದೆ, ನೆಲದ ಮೇಲೆ ಈಗಾಗಲೇ ಕೂತಿರುವ ಹಿಮವನ್ನಲ್ಲ. ಅದನ್ನು ನೋಡಲು ಉಪಗ್ರಹ ಚಿತ್ರಗಳನ್ನು ತೋರಿಸುವ ಐರೋಪ್ಯ ಒಕ್ಕೂಟದ ಜಾಲತಾಣ ಕೊಪರ್ನಿಕಸ್ ಬ್ರೌಸರ್ ಬಹಳ ಒಳ್ಳೆಯ ಸಾಧನ. ಕಾಸು ಖರ್ಚಿಲ್ಲ. ನೋಡುವುದಕ್ಕಷ್ಟೇ ಆದರೆ ಖಾತೆಯೂ ಬೇಡ.

ಇದರಲ್ಲಿ ನಮಗೆ ಬೇಕಾದದ್ದು ಸೆಂಟಿನೆಲ್‌–2 ಚಿತ್ರಗಳು. ಎರಡು ಉಪಗ್ರಹಗಳು ಸೇರಿ ಒಂದೇ ಜಾಗವನ್ನು 5 ದಿನಕ್ಕೊಮ್ಮೆ ತೆಗೆಯುತ್ತವೆ. ನೈಜ ಬಣ್ಣದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್. 2015ರಲ್ಲಿ ಮೊದಲ ಉಪಗ್ರಹ ಹಾರಿದ್ದರಿಂದ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ನಮ್ಮ ಕೆಲಸಕ್ಕೆ ಇದೇ ಇದರ ದೊಡ್ಡ ಬಲ.

ನೇರವಾಗಿ ಕಾಶ್ಮೀರಕ್ಕೆ ಹೋಗಬೇಡಿ. ಮೊದಲು ಕೆಆರ್‌ಎಸ್‌ ತೆರೆಯಿರಿ. ಕಣ್ಣಾರೆ ಕಂಡ ಜಾಗದ ಮೇಲೆ ಕಲಿತರೆ ತಪ್ಪು ಎಲ್ಲಾಗುತ್ತದೆಂದು ಬೇಗ ತಿಳಿಯುತ್ತದೆ. ಮೇ ತಿಂಗಳ ಒಂದು ಚಿತ್ರ, ಅಣೆಕಟ್ಟು 124.80 ಅಡಿ ತುಂಬಿದ ಕಾಲದ ಇನ್ನೊಂದು ಚಿತ್ರ ತೆಗೆದು ಹೋಲಿಸಿ. ನೈಜ ಬಣ್ಣದ ಚಿತ್ರದಲ್ಲಿ ಹಿನ್ನೀರು ಎಲ್ಲಿಯವರೆಗೆ ಇಳಿದಿದೆ ಎಂಬುದು ಸ್ಪಷ್ಟ. ಈಗ ಎನ್‌ಡಿಎಸ್‌ಐ ಎಂಬ ಪದರ ಹಾಕಿ. ಇದು ಹಿಮ ಗುರುತಿಸುವ ಲೆಕ್ಕ: ಹಸಿರು ಬೆಳಕು ಮತ್ತು ಕಣ್ಣಿಗೆ ಕಾಣದ ಕಿರು ಅವಗೆಂಪು (ಶಾರ್ಟ್‌ವೇವ್ ಇನ್‌ಫ್ರಾರೆಡ್) ಬೆಳಕಿನ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿ, 0.42ಕ್ಕಿಂತ ಹೆಚ್ಚು ಬಂದರೆ ಹಿಮ ಎಂದು ನೀಲಿ ಬಳಿಯುತ್ತದೆ. ಹಿಮವೇ ಬೀಳದ ಮಂಡ್ಯ ಜಿಲ್ಲೆಯಲ್ಲಿ ಹಿನ್ನೀರಿಗೂ ನೀಲಿ ಬೀಳುವುದುಂಟು! ನೀರು ಕಿರು ಅವಗೆಂಪನ್ನು ಹೆಚ್ಚುಕಡಿಮೆ ಪೂರ್ತಿ ಹೀರುವುದರಿಂದ ಹೀಗೆ. ಗಡ್‌ಸರ್ ಸರೋವರದ ಮೇಲೆ ನೀಲಿ ಕಂಡು ‘ಇನ್ನೂ ಹೆಪ್ಪುಗಟ್ಟಿದೆ’ ಎಂದು ಪ್ರವಾಸ ಮುಂದೂಡುವವರು ಬೀಳುವುದು ಇದೇ ಹಳ್ಳಕ್ಕೆ.

ಹಾಗಾಗಿ ನಂಬಬೇಕಾದದ್ದು ಎಸ್‌ಡಬ್ಲ್ಯುಐಆರ್ ಪದರ, ಅಂದರೆ ಅದೇ ಕಿರು ಅವಗೆಂಪನ್ನು ಬಣ್ಣವಾಗಿ ತೋರಿಸುವ ಚಿತ್ರ. ಅದರಲ್ಲಿ ವಿ.ಸಿ. ನಾಲೆ ಬಯಲಿನ ಕಬ್ಬು, ಭತ್ತ ಹಸಿರು, ಬರಿ ನೆಲ ಕಂದು, ನೀರು ಕಪ್ಪು, ಮಳೆಮೋಡ ಬಿಳಿ. ಹಿಮವಾದರೆ ತಿಳಿನೀಲಿ. ಮೋಡ ಮತ್ತು ಹಿಮ ಬರಿಗಣ್ಣಿಗೆ ಒಂದೇ ಬಿಳುಪು, ಇಲ್ಲಿ ಬೇರೆಬೇರೆ. ತುಂಬ ಎತ್ತರದ ತೆಳು ಹಿಮಮೋಡ ಮಾತ್ರ ತಿಳಿನೀಲಿಯಾಗಿ ಮೋಸ ಮಾಡುತ್ತದೆ. ಅನುಮಾನ ಬಂದರೆ 5 ದಿನ ಬಿಟ್ಟು ಮುಂದಿನ ಚಿತ್ರ ನೋಡಿ: ಅಲ್ಲೇ ಇದ್ದರೆ ಹಿಮ, ಜಾಗ ಬಿಟ್ಟಿದ್ದರೆ ಮೋಡ.

ಈಗ ಕಾಶ್ಮೀರ. ದಾರಿಯ ಜಿಪಿಎಕ್ಸ್‌ ಕಡತವನ್ನು (ಜಿಪಿಎಸ್ ಗುರುತಿಸಿದ ದಾರಿಯ ಗೆರೆ) ನಕ್ಷೆಯ ಮೇಲೆ ಏರಿಸಿ. ಚಿತ್ರ ಹುಡುಕುವಾಗ ಮೋಡದ ಮಿತಿಯನ್ನು 30 ಪ್ರತಿಶತಕ್ಕೇ ಇಳಿಸಿಬಿಡಬೇಡಿ. ಆ ಲೆಕ್ಕ ಸುಮಾರು 100 ಕಿಲೋಮೀಟರ್ ಅಗಲದ ಇಡೀ ಚೌಕಕ್ಕೆ, ನಿಮ್ಮ ಪಾಸ್ ಒಂದಕ್ಕೇ ಅಲ್ಲ. 70 ಇಟ್ಟು ಒಂದೊಂದಾಗಿ ನೋಡಿದರೆ ಪಾಸ್ ಮಾತ್ರ ತೆರೆದಿರುವ ಚಿತ್ರ ಸಿಗಬಹುದು. ಬಳಿಕ ಅದನ್ನು ಹಿಂದಿನ ವರ್ಷಗಳ ಅದೇ ವಾರದ ಚಿತ್ರಗಳ ಪಕ್ಕಕ್ಕಿಟ್ಟು ಹೋಲಿಸಿ. ‘ಹಿಮ ಇದೆ’ ಎಂಬ ಮಾತಿಗಿಂತ ‘ದಾರಿ ಸಲೀಸಾಗಿದ್ದ ವರ್ಷಕ್ಕಿಂತ ಹೆಚ್ಚಿದೆಯೋ, ಕಡಿಮೆಯೋ’ ಎಂಬುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳನ್ನು ಹಿಗ್ಗಿಸಿ ನೋಡಿ, ಹಿಮ ಕೊನೆಗೆ ಕರಗುವುದು ಅಲ್ಲೇ. ನೆರಳಿನಲ್ಲಿ ಅದು ಕಪ್ಪಾಗಿ, ಬರಿ ಬಂಡೆಯಂತೆ ಕಾಣುವುದೂ ಉಂಟು.

ಟ್ರೌಟ್‌ಗೆ ಗಾಳ ಹಾಕುವವರಿಗೆ ಎಸ್‌ಡಬ್ಲ್ಯುಐಆರ್ ಪದರ ಇನ್ನೊಂದು ವಿಷಯ ಹೇಳುತ್ತದೆ. ವಿಷನ್‌ಸರ್, ಕೃಷನ್‌ಸರ್ ಕಪ್ಪಾಗಿದ್ದರೆ ನೀರು ತೆರೆದಿದೆ, ತಿಳಿನೀಲಿ ಪಟ್ಟಿ ಉಳಿದಿದ್ದರೆ ದಡದಲ್ಲಿ ಇನ್ನೂ ಮಂಜುಗಡ್ಡೆ. ಮೇಲಿನ ಇಳಿಜಾರಿನಲ್ಲಿ ಹಿಮ ಜೋರಾಗಿ ಕರಗುತ್ತಿರುವ ವಾರಗಳಲ್ಲಿ ತೊರೆ ರಭಸವಾಗಿ, ಕದಡಿ ಹರಿಯುತ್ತದೆ. ಕಣ್ಣಿನಿಂದ ಬೇಟೆಯಾಡುವ ಟ್ರೌಟ್‌ಗೆ ಆ ನೀರಿನಲ್ಲಿ ನಿಮ್ಮ ಫ್ಲೈ (ಗಾಳಕ್ಕೆ ಕಟ್ಟುವ ಹುಳುವಿನಂಥ ಕೃತಕ ಎರೆ) ಕಾಣುವುದೇ ಇಲ್ಲ. ಗಾಳವೇ ಮುಖ್ಯ ಎನ್ನುವವರು ಚಿತ್ರದಲ್ಲಿ ಮೇಲಿನ ಹಿಮ ಚೂರುಚೂರಾಗುವವರೆಗೆ ಕಾಯುವುದು ಮೇಲು. ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಬೆಟ್ಟ ಹತ್ತುವ ಮೊದಲೇ ಮಾಡಿಸಿಕೊಳ್ಳಿ, ಮೇಲೆ ಸಿಗುವುದಿಲ್ಲ.

ಇದರ ಕೊರತೆಗಳು ಸಣ್ಣವಲ್ಲ. ಹಿಮ ಎಷ್ಟು ದಪ್ಪ, ಎಷ್ಟು ಗಟ್ಟಿ ಎಂಬುದು ಇದಕ್ಕೆ ತಿಳಿಯದು. ತೊರೆಯ ಮೇಲೆ ಹಾಸಿದ ಹಿಮಸೇತುವೆ ಕೆಳಗಿನಿಂದ ಟೊಳ್ಳಾಗುತ್ತಾ ಹೋಗುತ್ತದೆ, ಚಿತ್ರದಲ್ಲಿ ಮಾತ್ರ ಕುಸಿಯುವ ದಿನದವರೆಗೂ ಗಟ್ಟಿ ನೆಲದಂತೆ ಇರುತ್ತದೆ. 10 ಮೀಟರ್ ಚುಕ್ಕಿಯಲ್ಲಿ ಮರದ ದಿಮ್ಮಿಯ ಕಾಲುಸೇತುವೆ ಉಳಿದಿದೆಯೋ, ಕೊಚ್ಚಿಹೋಗಿದೆಯೋ ಗೊತ್ತಾಗದು. ಉಪಗ್ರಹ ಹಾದುಹೋಗುವುದು ಬೆಳಿಗ್ಗೆ 11ರ ಆಸುಪಾಸು, ಕರಗಿದ ನೀರಿನಿಂದ ತೊರೆ ಉಕ್ಕುವುದು ಮಧ್ಯಾಹ್ನದ ಮೇಲೆ. ಚಿತ್ರದಲ್ಲಿ ತೆಳ್ಳಗೆ ಕಂಡ ತೊರೆಯನ್ನು ಸಂಜೆ 4ಕ್ಕೆ ದಾಟಬಹುದೆಂದು ಲೆಕ್ಕ ಹಾಕಬೇಡಿ. ಇವನ್ನೆಲ್ಲ ಹೇಳಬಲ್ಲವರು ಸೋನಮಾರ್ಗದ ಕುದುರೆಯವರು ಮತ್ತು ಆ ವಾರ ಮೇಲಿಂದ ಇಳಿದು ಬಂದ ಕುರಿಗಾಹಿಗಳು. ಚಿತ್ರ ನೋಡಿಕೊಂಡು ಹೋದರೆ ಅವರ ಹತ್ತಿರ ‘ದಾರಿ ಹೇಗಿದೆ’ ಎಂದು ಕೇಳುವ ಬದಲು ‘ಪಾಸ್‌ನ ಆಚೆ ಬದಿ ಇಳಿಯುವಾಗ ಹಿಮದ ಮೇಲೆ ಎಷ್ಟು ಹೊತ್ತು ನಡೆಯಬೇಕು’ ಎಂದು ಕೇಳಬಹುದು. ಉತ್ತರವೂ ಅಷ್ಟೇ ಖಚಿತವಾಗಿ ಬರುತ್ತದೆ.

ಮೊಬೈಲಿನಲ್ಲಿ ಪದರ ಬದಲಿಸುವುದು ಕಿರಿಕಿರಿ, ಲ್ಯಾಪ್‌ಟಾಪ್‌ ಮುಂದೆ ಕೂತರೆ ಅರ್ಧ ಗಂಟೆಯ ಕೆಲಸ. ಹೊರಡುವ ಹಿಂದಿನ ದಿನ ಕೊನೆಯ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು, ಮೇಲೆ ತಾರೀಖು ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ನಮ್ಮ ಕರ್ನಾಟಕದ ಪ್ರೀಪೇಯ್ಡ್ ಸಿಮ್‌ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ.